ಮುದ್ದೆಯ ಬಣ್ಣ ಮುದ್ದೆಗೇ ಇರಲಿ

ಅಡುಗೆಯ ಫೋಟೊ ತೆಗೆಯುವುದು ಹೇಗೆ ಎಂದು ಕಲಿಸುವ ವಿಡಿಯೊಗಳನ್ನು ನಾಲ್ಕಾರು ನೋಡಿದರೆ ಒಂದು ವಿಷಯ ಗಮನಕ್ಕೆ ಬರುತ್ತದೆ. ಅವುಗಳಲ್ಲಿ ಕಾಣುವುದೆಲ್ಲ ಸ್ಟ್ರಾಬೆರಿ ಇಟ್ಟ ಕೇಕು, ಹಸಿರು ಸಲಾಡು, ಟೊಮೆಟೊ ಹರಡಿದ ಪಿಜ್ಜಾ. ಇಲ್ಲಿಯವರೇ ಮಾಡಿದ ವಿಡಿಯೊ ಆದರೆ ಬೆಣ್ಣೆ ತೇಲುವ ಕೆಂಪು ಗ್ರೇವಿ, ಕೇಸರಿ ಬಣ್ಣದ ತಂದೂರಿ ಪನೀರು. ಎಲ್ಲವೂ ಹುಟ್ಟುತ್ತಲೇ ಅಲಂಕಾರ ಮಾಡಿಕೊಂಡು ಬಂದ ತಿನಿಸುಗಳು. ಅವುಗಳ ಪಕ್ಕದಲ್ಲಿ ನಮ್ಮ ಮನೆಯ ಊಟವನ್ನು ಇಟ್ಟು ನೋಡಿ. ರಾಗಿ ಮುದ್ದೆ ಕಂದು. ಬಸ್ಸಾರು ಅದಕ್ಕಿಂತ ಒಂದು ಕೈ ಮಿಗಿಲಾದ ಕಂದು. ಜೋಳದ ರೊಟ್ಟಿ ಬೂದುಬಿಳುಪು. ಎಣ್ಣೆಗಾಯಿ ಹೆಚ್ಚುಕಡಿಮೆ ಕಪ್ಪು. ಇಡ್ಲಿ, ಅನ್ನ, ಮೊಸರು, ಮೂರೂ ಬಿಳಿ.

ಅದಕ್ಕೇ ಹೊಸಬರಲ್ಲಿ ಅರ್ಧ ಜನ ಎರಡು ಫೋಟೊ ತೆಗೆದು, ‘ನಮ್ಮ ಅಡುಗೆ ಫೋಟೊಗೆ ಒಗ್ಗುವುದಿಲ್ಲ’ ಎಂದು ಫೋನು ಕೆಳಗಿಡುತ್ತಾರೆ. ಉಳಿದರ್ಧ ಜನ ಫಿಲ್ಟರ್ ಹಾಕಿ ಮುದ್ದೆಯನ್ನು ಚಾಕೊಲೇಟ್ ಮಾಡುತ್ತಾರೆ, ಸಾರನ್ನು ಕುಂಕುಮದ ನೀರು ಮಾಡುತ್ತಾರೆ. ಎರಡೂ ಬೇಡ ಎನ್ನುವುದೇ ಈ ತಿಂಗಳ ಅಂಕಣ. ಕಂದು ಬಣ್ಣವನ್ನು ಕಂದಾಗಿಯೇ, ಆದರೆ ನೋಡಿದವರಿಗೆ ಹಸಿವಾಗುವಂತೆ ತೋರಿಸಲು ಬರುತ್ತದೆ. ಅದಕ್ಕೆ ದುಬಾರಿ ಕ್ಯಾಮೆರಾ ಬೇಕಿಲ್ಲ. ಕೈಯಲ್ಲಿರುವ ಫೋನು, ಒಂದು ಕಿಟಕಿ, ಒಂದು ಹಳೆಯ ಬಿಳಿ ಪಂಚೆ ಸಾಕು.

ಇದೇನು ಅಷ್ಟು ದೊಡ್ಡ ವಿಷಯವೇ ಎಂದು ಕೇಳಬಹುದು. ನಮ್ಮಂತೆ ಊರು ಬಿಟ್ಟು ಬಂದವರಿಗೆ ಸ್ವಲ್ಪ ದೊಡ್ಡದೇ. ಇಲ್ಲಿನ ನೆರೆಹೊರೆಯವರಿಗೆ ‘ಸೌತ್ ಇಂಡಿಯನ್’ ಎಂದರೆ ದೋಸೆ, ಇಡ್ಲಿ, ಸಾಂಬಾರು, ಅಲ್ಲಿಗೆ ಮುಗಿಯಿತು. ಮುದ್ದೆ, ಪತ್ರೊಡೆ, ಖಡಕ್ ರೊಟ್ಟಿ, ಹಿತಕಿದ ಬೇಳೆ ಸಾರು ಅವರ ಕಣ್ಣಿಗೆ ಬೀಳುವುದು ನಾಲಿಗೆಯ ಮೂಲಕ ಅಲ್ಲ, ಮೊದಲು ಸೊಸೈಟಿಯ ವಾಟ್ಸಾಪ್ ಗುಂಪಿನ ಮೂಲಕ. ದ್ವಾರಕಾದಿಂದ ಇಂದಿರಾಪುರಂವರೆಗೆ, ಗುರುಗ್ರಾಮದಿಂದ ನೋಯ್ಡಾವರೆಗೆ ಮನೆಯಲ್ಲೇ ಅಡುಗೆ ಮಾಡಿ ಮಾರುವ ನಮ್ಮ ಹೆಣ್ಣುಮಕ್ಕಳಿಗಂತೂ ಫೋಟೊ ಎಂದರೆ ಅಂಗಡಿಯ ಬೋರ್ಡು. ಬೋರ್ಡಿನಲ್ಲಿ ಒಂದು, ಡಬ್ಬಿಯಲ್ಲಿ ಇನ್ನೊಂದು ಇದ್ದರೆ ಗಿರಾಕಿ ಎರಡನೇ ಸಲ ಬರುವುದಿಲ್ಲ.

ಕ್ಯಾಮೆರಾದ ಒಂದೇ ಹಟ

ಮೊದಲು ಕ್ಯಾಮೆರಾದ ಸ್ವಭಾವ ಗೊತ್ತಿರಬೇಕು. ಅದಕ್ಕೆ ತನ್ನ ಮುಂದಿರುವುದು ಮುದ್ದೆಯೋ ಇಡ್ಲಿಯೋ ತಿಳಿಯದು. ಕಂಡದ್ದನ್ನೆಲ್ಲ ಸರಾಸರಿ ಮಾಡಿ, ಕಪ್ಪೂ ಅಲ್ಲದ ಬಿಳಿಯೂ ಅಲ್ಲದ ನಡುವಿನ ಬೂದು ಬಣ್ಣಕ್ಕೆ ತಂದು ನಿಲ್ಲಿಸುವುದು ಅದರ ಹಳೆಯ ಅಭ್ಯಾಸ. ಫೋಟೊಗ್ರಫಿಯವರು ಇದನ್ನು ಶೇಕಡಾ 18ರ ಬೂದು ಎನ್ನುತ್ತಾರೆ, ಅಂದರೆ ಬಿದ್ದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ಮಾತ್ರ ಹಿಂದಿರುಗಿಸುವ ಬಣ್ಣ. ಬಿಳಿ ತಟ್ಟೆಯಲ್ಲಿ ಬಿಳಿ ಇಡ್ಲಿ ಇಟ್ಟರೆ ಕ್ಯಾಮೆರಾ ‘ಬೆಳಕು ಜಾಸ್ತಿಯಾಯಿತು’ ಎಂದುಕೊಂಡು ಎಲ್ಲವನ್ನೂ ಮಂಕು ಮಾಡುತ್ತದೆ. ಇಡ್ಲಿ ನಿನ್ನೆಯದು ಎಂಬಂತೆ ಕಾಣುತ್ತದೆ. ಕಪ್ಪು ತಟ್ಟೆಯಲ್ಲಿ ಮುದ್ದೆ ಇಟ್ಟರೆ ‘ಕತ್ತಲು ಜಾಸ್ತಿಯಾಯಿತು’ ಎಂದುಕೊಂಡು ಬೆಳಕು ಏರಿಸುತ್ತದೆ. ಮುದ್ದೆಗೆ ಬೂದಿ ಬಳಿದಂತಾಗುತ್ತದೆ. ಇಂದಿನ ಫೋನುಗಳು ಜಾಣವಾಗಿವೆ, ಎದುರಿಗಿರುವುದು ಊಟ ಎಂದು ಎಷ್ಟೋ ಸಲ ಗುರುತು ಹಿಡಿಯುತ್ತವೆ. ಗುರುತು ಹಿಡಿದ ಕೂಡಲೇ ಮಾಡುವ ಕೆಲಸವೆಂದರೆ ಬಣ್ಣ ಏರಿಸುವುದು! ನಿಮ್ಮ ಫೋನಿನಲ್ಲಿ ‘ಫುಡ್’ ಎಂಬ ಮೋಡ್ ಇದ್ದರೆ ಅದನ್ನು ಮುಟ್ಟಬೇಡಿ.

ಪರಿಹಾರ ಬಹಳ ಸುಲಭ. ಪರದೆಯ ಮೇಲೆ ಊಟ ಕಾಣುವ ಜಾಗವನ್ನು ಬೆರಳಿನಿಂದ ಮುಟ್ಟಿ. ಹೆಚ್ಚಿನ ಫೋನುಗಳಲ್ಲಿ ಪಕ್ಕದಲ್ಲೇ ಒಂದು ಪುಟ್ಟ ಸೂರ್ಯ ಮೂಡುತ್ತಾನೆ. ಅವನನ್ನು ಮೇಲಕ್ಕೆ ಎಳೆದರೆ ಚಿತ್ರ ಬೆಳಗುತ್ತದೆ, ಕೆಳಕ್ಕೆ ಎಳೆದರೆ ಕಪ್ಪಾಗುತ್ತದೆ. ಚೌಕಟ್ಟಿನ ತುಂಬ ಬಿಳಿಯೇ ಇದ್ದರೆ, ಅಂದರೆ ಇಡ್ಲಿ, ಮೊಸರನ್ನ, ನೀರು ದೋಸೆ, ಶಾವಿಗೆ ಇಂಥವಕ್ಕೆ, ಸೂರ್ಯನನ್ನು ಒಂದಿಷ್ಟು ಮೇಲೆತ್ತಿ. ಚೌಕಟ್ಟಿನ ತುಂಬ ಕಪ್ಪು ಕಂದೇ ಇದ್ದರೆ, ಅಂದರೆ ಮುದ್ದೆ, ಬಸ್ಸಾರು, ಎಣ್ಣೆಗಾಯಿ, ಗೊಜ್ಜು ಇಂಥವಕ್ಕೆ, ಒಂದಿಷ್ಟು ಇಳಿಸಿ. ಎಷ್ಟು ಎಂದರೆ, ಎದುರಿಗಿರುವ ತಟ್ಟೆಯನ್ನೂ ಪರದೆಯನ್ನೂ ಒಂದರ ಪಕ್ಕ ಒಂದು ನೋಡಿದಾಗ ಎರಡೂ ಒಂದೇ ಅನ್ನಿಸುವಷ್ಟು. ಬೆರಳನ್ನು ಒಂದೆರಡು ಕ್ಷಣ ಒತ್ತಿ ಹಿಡಿದರೆ ಅದೇ ಲೆಕ್ಕ ಗಟ್ಟಿಯಾಗಿ ನಿಲ್ಲುತ್ತದೆ. ಆಮೇಲೆ ಕೈ ಸ್ವಲ್ಪ ಆಚೀಚೆಯಾದರೂ ಕ್ಯಾಮೆರಾ ಮತ್ತೆ ತನ್ನ ಸರಾಸರಿಗೆ ಓಡುವುದಿಲ್ಲ.

ಇಷ್ಟಕ್ಕೂ ಮುಂಚೆ ಮಾಡಬೇಕಾದ ಕೆಲಸವೊಂದಿದೆ. ಲೆನ್ಸ್ ಒರೆಸಿ. ಒಗ್ಗರಣೆಯ ಪಕ್ಕದಲ್ಲೇ ಇಟ್ಟ ಫೋನಿಗೆ ಎಣ್ಣೆಯ ಪೊರೆ ಕೂತಿರುತ್ತದೆ. ಹತ್ತಿಯ ಬಟ್ಟೆಯಿಂದ ಒರೆಸಿದರೆ ನಿಮ್ಮ ಫೋಟೊ ಅರ್ಧ ಸುಧಾರಿಸಿದಂತೆಯೇ.

ದೆಹಲಿಯ ಬೆಳಕು

ಎರಡನೆಯದು ಬೆಳಕು. ಇದರಲ್ಲಿ ನಮ್ಮ ಈ ಊರಿಗೆ ಅದರದೇ ಆದ ಲೆಕ್ಕವಿದೆ. ಬೆಂಗಳೂರು ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕೆ ಇದ್ದರೆ ದೆಹಲಿ ಸುಮಾರು 28.6 ಡಿಗ್ರಿ. ಹಾಗಾಗಿ ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನವೂ ಇಲ್ಲಿ ಸೂರ್ಯ ದಿಗಂತದಿಂದ 38 ಡಿಗ್ರಿಯಷ್ಟು ಮಾತ್ರ ಮೇಲೇರುತ್ತಾನೆ. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಅವನು 53 ಡಿಗ್ರಿ ದಾಟಿರುತ್ತಾನೆ. ದಕ್ಷಿಣಕ್ಕೆ ಬಾಲ್ಕನಿ ಇರುವ ಮನೆಯವರಿಗೆ ಇದು ಭಾಗ್ಯ. ಚಳಿಗಾಲದ ಓರೆ ಬಿಸಿಲು ಮನೆಯೊಳಗೆ ಬಹಳ ದೂರ ಬರುತ್ತದೆ, ತಟ್ಟೆಯ ಮೇಲೆ ಪಕ್ಕದಿಂದ ಬೀಳುತ್ತದೆ. ಜೂನ್ ತಿಂಗಳಲ್ಲಿ ಅದೇ ಸೂರ್ಯ 85 ಡಿಗ್ರಿ ಹತ್ತಿರ ಬಂದು ನೆತ್ತಿಯ ಮೇಲೆ ನಿಲ್ಲುತ್ತಾನೆ, ದಕ್ಷಿಣದ ಕಿಟಕಿಯೊಳಗೆ ಇಣುಕುವುದೇ ಇಲ್ಲ. ಆಗ ಬೆಳಗಿನ ಹೊತ್ತು ಪೂರ್ವದ ಕಿಟಕಿ, ಸಂಜೆ ಪಶ್ಚಿಮದ್ದು. ಉತ್ತರದ ಕಿಟಕಿ ಇರುವವರು ‘ನಮಗೆ ಬಿಸಿಲೇ ಇಲ್ಲ’ ಎಂದು ಕೊರಗುತ್ತಾರೆ. ಅಡುಗೆಯ ಫೋಟೊಗೆ ಅವರಷ್ಟು ಪುಣ್ಯವಂತರು ಇಲ್ಲ. ವರ್ಷದ ಬಹುಪಾಲು ಅಲ್ಲಿ ದಿನವಿಡೀ ಒಂದೇ ಸಮನಾದ, ಮೆತ್ತಗಿನ ಬೆಳಕು.

ನೇರ ಬಿಸಿಲು ಮಾತ್ರ ಊಟಕ್ಕೆ ಆಗದು. ಸಾರಿನ ಮೇಲೆ ಬಿಳಿ ಚುಕ್ಕೆ, ಲೋಟದ ಹಿಂದೆ ಕಪ್ಪು ನೆರಳು. ಇಲ್ಲಿಗೆ ಪಂಚೆ ಬೇಕು. ಒಗೆದೊಗೆದು ತೆಳ್ಳಗಾದ ಬಿಳಿ ಪಂಚೆಯೊಂದನ್ನು ಬಾಲ್ಕನಿಯ ಬಾಗಿಲಿಗೆ ಬಟ್ಟೆ ಕ್ಲಿಪ್ಪಿನಿಂದ ಇಳಿಬಿಡಿ. ಬಿಸಿಲು ಅದರೊಳಗೆ ಸೋಸಿಕೊಂಡು ಬರುತ್ತದೆ. ಸ್ಟುಡಿಯೊದವರು ಸಾವಿರಾರು ರೂಪಾಯಿ ಕೊಟ್ಟು ತರುವ ಸಾಫ್ಟ್‌ಬಾಕ್ಸ್ ಮಾಡುವುದೂ ಇದನ್ನೇ. ಅಂಚಿನ ಬಣ್ಣದ ಪಟ್ಟಿ ಮಾತ್ರ ಬೆಳಕಿನ ದಾರಿಗೆ ಬಾರದಂತೆ ಮಡಿಸಿಕೊಳ್ಳಿ. ಬಾಗಿಲ ಪಕ್ಕದಲ್ಲಿ ಒಂದು ಮೂಢಾ, ಅದರ ಮೇಲೆ ಮಣೆ, ಮಣೆಯ ಮೇಲೆ ತಟ್ಟೆ. ಬೆಳಕು ಎಡದಿಂದ ಬಂದರೆ ಬಲಗಡೆ ನೆರಳಾಗುತ್ತದೆ. ಆ ಕಡೆ ಟಿವಿ ಡಬ್ಬದಲ್ಲಿ ಬಂದ ಥರ್ಮೊಕೋಲ್ ತುಂಡನ್ನು ನಿಲ್ಲಿಸಿ. ನೆರಳು ಪೂರ್ತಿ ಹೋಗುವುದಿಲ್ಲ, ಹೋಗಲೂಬಾರದು. ಮೆದುವಾಗುತ್ತದೆ, ಅಷ್ಟೇ.

ನಮ್ಮ ಫ್ಲ್ಯಾಟುಗಳಲ್ಲಿ ಮಾತ್ರ ಇರುವ ಇನ್ನೊಂದು ತೊಂದರೆಯೆಂದರೆ ಬಾಲ್ಕನಿಯ ಹಸಿರು ನೆರಳು ಬಲೆ. ಜೂನ್ ಬಿಸಿಲಿಗೆ ಹೆದರಿ ಕಟ್ಟಿದ ಆ ಬಲೆಯಿಂದ ಬರುವ ಬೆಳಕು ಹಸಿರಾಗಿರುತ್ತದೆ. ನಮ್ಮ ಕಣ್ಣು ಅದಕ್ಕೆ ಒಗ್ಗಿಹೋಗಿರುವುದರಿಂದ ಗೊತ್ತಾಗುವುದಿಲ್ಲ. ಫೋಟೊದಲ್ಲಿ ಮಾತ್ರ ಮೊಸರನ್ನಕ್ಕೆ ಪಾಚಿ ಹಿಡಿದಂತೆ ಕಾಣುತ್ತದೆ. ಫೋಟೊ ತೆಗೆಯುವಷ್ಟು ಹೊತ್ತು ಬಲೆ ಸರಿಸಿ. ಪಾರಿವಾಳಕ್ಕೆ ಕಟ್ಟಿದ ನೈಲಾನ್ ಬಲೆ ಅಡ್ಡಿಯಿಲ್ಲ. ಪಂಚೆ ಇಳಿಬಿಟ್ಟರೆ ಅದರ ನೆರಳಿನ ಗೆರೆಗಳು ಕರಗಿಹೋಗುತ್ತವೆ.

ಟ್ಯೂಬ್‌ಲೈಟ್ ಆರಿಸುವುದನ್ನು ಮರೆಯಬೇಡಿ. ಬೆಳಕಿಗೂ ಬಣ್ಣವಿದೆ, ಅದನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಹಳದಿ ಎಲ್‌ಇಡಿ ಬಲ್ಬು 3000ದ ಆಸುಪಾಸು, ನಡುಹಗಲಿನ ಬೆಳಕು 5500ರ ಆಸುಪಾಸು, ಬಿಳಿ ಟ್ಯೂಬ್‌ಲೈಟ್ 6500. ಕಿಟಕಿಯದೊಂದು, ಬಲ್ಬಿನದೊಂದು ಸೇರಿದರೆ ತಟ್ಟೆಯ ಒಂದು ಪಕ್ಕ ನೀಲಿ, ಇನ್ನೊಂದು ಪಕ್ಕ ಹಳದಿ. ಅದನ್ನು ಆಮೇಲೆ ತಿದ್ದಲು ಯಾವ ಆ್ಯಪ್‌ಗೂ ಸುಲಭವಲ್ಲ. ಒಂದು ಹೊತ್ತಿಗೆ ಒಂದೇ ಬೆಳಕು ಎಂಬ ವ್ರತ ಇರಲಿ. ಡಿಸೆಂಬರಿನಲ್ಲಿ ಸಂಜೆ ಐದೂವರೆಗೆಲ್ಲ ಇಲ್ಲಿ ಕತ್ತಲಾಗುವುದರಿಂದ ಆಫೀಸಿಗೆ ಹೋಗುವವರಿಗೆ ಉಳಿಯುವುದು ಶನಿವಾರ, ಭಾನುವಾರ. ರಾತ್ರಿ ತೆಗೆಯಲೇಬೇಕಾದರೆ ಒಂದೇ ಟೇಬಲ್ ಲ್ಯಾಂಪನ್ನು ಪಕ್ಕದಲ್ಲಿಟ್ಟು, ಅದರ ಮುಂದೆ ಸ್ವಲ್ಪ ದೂರದಲ್ಲಿ ಅದೇ ಪಂಚೆಯನ್ನು ಹಿಡಿಯಿರಿ. ಬಲ್ಬಿಗೆ ಬಟ್ಟೆ ತಾಗಿಸಬೇಡಿ, ಸುಟ್ಟೀತು. ಫೋನಿನ ಫ್ಲ್ಯಾಷ್ ಬೇಡವೇ ಬೇಡ.

ನವೆಂಬರಿನ ಹೊಗೆಮಂಜು, ಜನವರಿಯ ಕಾವಳ ಇವುಗಳ ಬಗ್ಗೆ ಒಳ್ಳೆಯ ಮಾತಾಡುವುದು ನ್ಯಾಯವಲ್ಲ. ಆದರೂ ಹೇಳುತ್ತೇನೆ, ಕಾವಳದ ದಿನ ಇಡೀ ಆಕಾಶವೇ ಪಂಚೆಯಾಗಿರುತ್ತದೆ. ಎ.ಕ್ಯು.ಐ. ನೋಡಿ ಕಿಟಕಿ ಮುಚ್ಚಿಕೊಂಡು, ಗಾಜಿನ ಒಳಗಿನಿಂದಲೇ ಫೋಟೊ ತೆಗೆಯಿರಿ.

ಬೆಳಕೇ ಮುಖ್ಯ, ಸಲಕರಣೆ ಅಲ್ಲ ಎನ್ನುವುದಕ್ಕೆ ಫೋಟೊಗ್ರಫಿಯ ಚರಿತ್ರೆಯಲ್ಲೇ ಒಂದು ಸಾಕ್ಷಿ ಇದೆ. 1930ರಲ್ಲಿ ಅಮೆರಿಕದ ಎಡ್ವರ್ಡ್ ವೆಸ್ಟನ್ ಒಂದು ದಪ್ಪ ಮೆಣಸಿನಕಾಯಿಯ ಕಪ್ಪು ಬಿಳುಪು ಚಿತ್ರ ತೆಗೆದರು. ‘ಪೆಪ್ಪರ್ ನಂಬರ್ 30’ ಎಂಬ ಆ ಚಿತ್ರ ಇಂದಿಗೂ ಜಗತ್ಪ್ರಸಿದ್ಧ. ಅದಕ್ಕೆ ಅವರು ಬಳಸಿದ ಹಿನ್ನೆಲೆ ಒಂದು ತಗಡಿನ ಲಾಳಿಕೆ. ಕಾಯಿಯನ್ನು ಲಾಳಿಕೆಯ ಬಾಯೊಳಗೆ ಇಟ್ಟಾಗ ಸುತ್ತಲಿನ ತಗಡು ಬೆಳಕನ್ನು ಕಾಯಿಯ ಮೈಮೇಲೆ ಮೃದುವಾಗಿ ಚೆಲ್ಲಿತು. ನಮ್ಮ ಅಡುಗೆಮನೆಯಲ್ಲೂ ಲಾಳಿಕೆ ಇದೆ, ದಪ್ಪ ಮೆಣಸಿನಕಾಯಿಯೂ ಇದೆ.

ಎಲ್ಲಿ ನಿಲ್ಲಬೇಕು

ಮೂರನೆಯದು ನೀವು ನಿಲ್ಲುವ ಜಾಗ. ಚಪ್ಪಟೆಯಾದದ್ದನ್ನು ನೆತ್ತಿಯ ಮೇಲಿನಿಂದ, ಎತ್ತರವಿದ್ದದ್ದನ್ನು ಎದುರಿನಿಂದ, ಬಟ್ಟಲಲ್ಲಿದ್ದದ್ದನ್ನು ಓರೆಯಾಗಿ ನೋಡಬೇಕು. ದೋಸೆ, ಹೋಳಿಗೆ, ಬಾಳೆಲೆ ಊಟ ಇವಕ್ಕೆಲ್ಲ ಫೋನನ್ನು ನೇರ ಮೇಲೆ ಹಿಡಿಯಿರಿ. ಮುದ್ದೆ, ಇಡ್ಲಿ, ರೊಟ್ಟಿಯ ಅಟ್ಟಿ, ನೊರೆ ಉಕ್ಕಿದ ಕಾಫಿ ಲೋಟ ಇವಕ್ಕೆ ಫೋನನ್ನು ತಟ್ಟೆಯ ಮಟ್ಟಕ್ಕೇ ಇಳಿಸಿ. ಮುದ್ದೆಯನ್ನು ಮೇಲಿನಿಂದ ತೆಗೆದರೆ ಒಂದು ಕಂದು ವೃತ್ತ ಅಷ್ಟೇ. ಕೆಳಗಿನಿಂದ ನೋಡಿದಾಗಲೇ ಅದರ ಗುಂಡು, ಒದ್ದೆ ಕೈಯಲ್ಲಿ ಉರುಳಿಸಿದಾಗ ಬಂದ ಹೊಳಪು, ನೆತ್ತಿಯ ಗುಳಿಯಲ್ಲಿ ನಿಂತ ತುಪ್ಪ ಎಲ್ಲ ಕಾಣುವುದು. ಸಾರು, ಹುಳಿ, ಪಲ್ಯ, ಪಾಯಸಗಳಿಗೆ ಕೂತು ಉಣ್ಣುವವನ ಕಣ್ಣಿನ ಓರೆ, ಸುಮಾರು 45 ಡಿಗ್ರಿ.

ಮೈಯಲ್ಲಿ ತರಿ, ರಂಧ್ರ, ಮಡಿಕೆ ಇರುವ ತಿನಿಸಿಗೆ ಬೆಳಕು ಪಕ್ಕದಿಂದ ಬರಲಿ. ಜೋಳದ ರೊಟ್ಟಿಯ ಮೇಲಿನ ಬೆರಳಚ್ಚು, ನೀರು ದೋಸೆಯ ಜಾಲರಿ, ಪಡ್ಡಿನ ಗರಿಗರಿ ಅಂಚು ಇವು ಬಣ್ಣದಿಂದ ಕಾಣುವಂಥವಲ್ಲ, ಸಣ್ಣ ಸಣ್ಣ ನೆರಳಿನಿಂದ ಕಾಣುವಂಥವು. ನಮ್ಮ ಅಡುಗೆಗೆ ಬಣ್ಣ ಕಡಿಮೆ, ಮೈಗುಣ ಜಾಸ್ತಿ. ಇದು ತಿಳಿದರೆ ಫಿಲ್ಟರಿನ ಕಡೆ ಬೆರಳು ಹೋಗುವುದಿಲ್ಲ. ನೀರಾದ ಸಾರು, ಹೊಗೆಯಾಡುವ ಕಾಫಿ ಇವಕ್ಕೆ ಬೆಳಕು ಹಿಂದಿನಿಂದ ಬರಲಿ.

ಫೋನನ್ನು ತಟ್ಟೆಗೆ ತೀರಾ ಹತ್ತಿರ ಒಯ್ಯಬೇಡಿ. ಫೋನಿನ ಮುಖ್ಯ ಕ್ಯಾಮೆರಾ ಅಗಲ ನೋಟದ್ದು. ಹತ್ತಿರ ಹೋದಷ್ಟೂ ಮುಂದಿನ ಇಡ್ಲಿ ಕುಂಬಳಕಾಯಿಯಾಗುತ್ತದೆ, ಹಿಂದಿನದು ನೆಲ್ಲಿಕಾಯಿ. ಒಂದು ಹೆಜ್ಜೆ ಹಿಂದೆ ಸರಿದು ‘2x’ ಒತ್ತಿ, ಆಕಾರ ಸರಿಯಾಗುತ್ತದೆ. ಪೋರ್ಟ್ರೇಟ್ ಮೋಡ್ ಕೂಡ ಬೇಡ. ಅದು ಲೋಟದ ಅಂಚನ್ನೋ ಕರಿಬೇವಿನ ತುದಿಯನ್ನೋ ಹಿನ್ನೆಲೆ ಎಂದುಕೊಂಡು ಅಳಿಸಿಬಿಡುತ್ತದೆ.

ಸ್ಟೀಲ್ ತಟ್ಟೆ ಕನ್ನಡಿಯಿದ್ದಂತೆ. ಅದರಲ್ಲಿ ಸೀಲಿಂಗ್ ಫ್ಯಾನ್, ನಿಮ್ಮ ಕೆಂಪು ಕುರ್ತಾ, ನಿಮ್ಮ ಮೂಗು ಎಲ್ಲ ಇರುತ್ತವೆ. ಹಾಗೆಂದು ಪಿಂಗಾಣಿಗೆ ಓಡಬೇಕಿಲ್ಲ, ನಮ್ಮ ಊಟಕ್ಕೆ ಸ್ಟೀಲೇ ಚೆಂದ. ಉಜ್ಜಿ ಉಜ್ಜಿ ಗೀರು ಬಿದ್ದ ಹಳೆಯ ತಟ್ಟೆ ಹುಡುಕಿ, ಅದು ಮಂದವಾಗಿ ಹೊಳೆಯುತ್ತದೆ. ಮಾಸಲು ಬಣ್ಣದ ಬಟ್ಟೆ ಹಾಕಿಕೊಳ್ಳಿ. ತಟ್ಟೆಯಲ್ಲಿ ಫ್ಯಾನ್ ಕಂಡರೆ ಫೋನನ್ನು ಎರಡು ಇಂಚು ಸರಿಸಿ ನೋಡಿ.

ಬಾಳೆಲೆಯ ಬಗ್ಗೆ ಪ್ರತ್ಯೇಕ ಮಾತು. ಐಎನ್‌ಎ ಮಾರ್ಕೆಟ್ಟಿನಿಂದ ಎಲೆ ತಂದು, ಅಷ್ಟೆಲ್ಲ ಬಡಿಸಿ, ಫೋಟೊದಲ್ಲಿ ತುದಿಯನ್ನು ಬಲಕ್ಕೆ ತಿರುಗಿಸಿಟ್ಟ ಚಿತ್ರಗಳನ್ನು ಪ್ರತಿ ಯುಗಾದಿಗೂ ನೋಡುತ್ತೇನೆ. ಉಣ್ಣುವವರ ಎಡಕ್ಕೆ ಎಲೆಯ ತುದಿ ಇರಬೇಕು. ಉಪ್ಪು ಉಪ್ಪಿನಕಾಯಿ ಆ ಕಡೆಯಿಂದಲೇ ಶುರು. ಕೆಲವು ಸಲ ಬಡಿಸಿದವರು ಸರಿಯಾಗಿಯೇ ಬಡಿಸಿರುತ್ತಾರೆ, ಆ್ಯಪ್ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿಬಿಟ್ಟಿರುತ್ತದೆ. ಹಂಚುವ ಮುಂಚೆ ಒಮ್ಮೆ ನೋಡಿ. ಊರಿನ ಅಜ್ಜಿಯೊಬ್ಬರು ಮೊದಲು ಗಮನಿಸುವುದು ಅದನ್ನೇ.

ಅಡುಗೆ ಕಾಯುವುದಿಲ್ಲ

ನಾಲ್ಕನೆಯದು ಹೊತ್ತು. ಗರಿಗರಿ ದೋಸೆಗೆ ಎರಡು ಮೂರು ನಿಮಿಷದ ಆಯಸ್ಸು. ಸೊಪ್ಪಿನ ಪಲ್ಯದ ಹಸಿರು ಹತ್ತೇ ನಿಮಿಷದಲ್ಲಿ ಮಂಕಾಗುತ್ತದೆ. ಆರಿದ ಮುದ್ದೆಯ ಮೇಲೆ ಪೊರೆ ಬರುತ್ತದೆ. ದೆಹಲಿಯ ಜನವರಿಯಲ್ಲಿ ಹೋಳಿಗೆಗೆ ಹಾಕಿದ ತುಪ್ಪ ನೋಡುತ್ತಿದ್ದಂತೆಯೇ ಹರಳುಗಟ್ಟಿ ಬಿಳಿ ಕಲೆಯಾಗುತ್ತದೆ. ಆದ್ದರಿಂದ ಖಾಲಿ ತಟ್ಟೆ ಇಟ್ಟೇ ಎಲ್ಲ ಸಿದ್ಧ ಮಾಡಿಕೊಳ್ಳಿ. ಮುದ್ದೆಯ ಬದಲು ಒಂದು ಆಲೂಗಡ್ಡೆ ಇಟ್ಟು ಬೆಳಕು, ನೆರಳು, ಕೋನ ಎಲ್ಲ ನೋಡಿ ಮುಗಿಸಿ. ಆಮೇಲೆ ಬಿಸಿ ಮುದ್ದೆ ಬರಲಿ, ಕಡೆಯಲ್ಲಿ ಬಿಸಿ ತುಪ್ಪ. ಐದಾರು ಚಿತ್ರ ತೆಗೆಯಿರಿ, ಊಟಕ್ಕೆ ಕೂಡಿ. ಮನೆಯವರನ್ನು ಹಸಿದಿರಿಸಿ ತೆಗೆದ ಐವತ್ತನೇ ಫೋಟೊ ಐದನೆಯದಕ್ಕಿಂತ ಚೆನ್ನಾಗಿದ್ದುದನ್ನು ನಾನು ಕಂಡಿಲ್ಲ.

ಚಳಿಗೆ ಒಂದು ಉಪಕಾರವೂ ಇದೆ. ಬಿಸಿ ಅಡುಗೆಯಿಂದ ಏಳುವ ನೀರಾವಿ ತಣ್ಣನೆಯ ಗಾಳಿಗೆ ತಾಗಿ ಸಣ್ಣ ಹನಿಗಳಾದಾಗಲೇ ನಮ್ಮ ಕಣ್ಣಿಗೆ ಹಬೆ ಕಾಣುವುದು. ಗಾಳಿ ತಣ್ಣಗಿದ್ದಷ್ಟೂ ಹಬೆ ದಟ್ಟ. ಬೆಂಗಳೂರಿನವರು ಕಷ್ಟಪಟ್ಟು ಹಿಡಿಯುವ ಹಬೆ ಹೀಟರ್ ಹಾಕದ ದೆಹಲಿಯ ಅಡುಗೆಮನೆಯಲ್ಲಿ ಧಾರಾಳ. ಬೆಳಕು ಹಿಂದಿನಿಂದ, ಹಿನ್ನೆಲೆಯಲ್ಲಿ ಒಂದು ಕಪ್ಪು ಛತ್ರಿಯೋ ಕಪ್ಪು ಶಾಲೋ ಇದ್ದರೆ ಹಬೆ ಎಳೆಎಳೆಯಾಗಿ ಕಾಣುತ್ತದೆ. ಬಿಳಿ ಗೋಡೆಯ ಮುಂದೆ ಅದು ಕಾಣುವುದೇ ಇಲ್ಲ.

ಫೋಟೊ ಎಂದರೆ ಕೊಟ್ಟ ಮಾತು

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು. ಜಾಹೀರಾತಿನ ಲೋಕದಲ್ಲಿ ತಿನಿಸಿನ ಫೋಟೊಗೆ ಮಾಡುವ ಚಮತ್ಕಾರಗಳ ಪಟ್ಟಿ ದೊಡ್ಡದು. ಹಾಲಿನ ಬದಲು ಬಿಳಿ ಅಂಟು, ಐಸ್‌ಕ್ರೀಮಿನ ಬದಲು ಆಲೂಗಡ್ಡೆಯ ಹಿಟ್ಟು, ನೀರಿನ ಹನಿಯ ಬದಲು ಗ್ಲಿಸರಿನ್. ಇವುಗಳಲ್ಲಿ ಒಂದು ಚಮತ್ಕಾರ ಸರ್ಕಾರದವರೆಗೂ ಹೋಯಿತು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಂಪ್‌ಬೆಲ್ ಕಂಪನಿಯ ಸೂಪಿನ ಜಾಹೀರಾತಿನಲ್ಲಿ ಬಟ್ಟಲಿನ ತಳಕ್ಕೆ ಗಾಜಿನ ಗೋಲಿಗಳನ್ನು ಹಾಕಿದ್ದರು. ತರಕಾರಿ ಮುಳುಗದೆ ಗೋಲಿಗಳ ಮೇಲೆ ನಿಂತು ಸೂಪು ಗಟ್ಟಿಯಾಗಿ ಕಾಣಲಿ ಎಂದು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಇದನ್ನು ಪ್ರಶ್ನಿಸಿತು. ಕಾನೂನು ಓದುವ ವಿದ್ಯಾರ್ಥಿಗಳ ಗುಂಪೊಂದೂ ಹೋರಾಟಕ್ಕೆ ಇಳಿಯಿತು. 1970ರಲ್ಲಿ ಕಂಪನಿ ಇನ್ನು ಹಾಗೆ ಮಾಡುವುದಿಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು. ನಮ್ಮಲ್ಲೂ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 53ನೇ ಸೆಕ್ಷನ್ ಪ್ರಕಾರ ತಿನಿಸಿನ ಬಗ್ಗೆ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಹುಳಿಯ ಫೋಟೊ ತೆಗೆಯುವಾಗ ತಳದಲ್ಲಿರುವ ನುಗ್ಗೆಕಾಯಿಯನ್ನು ಸೌಟಿನಿಂದ ಮೇಲೆ ತಂದು ಇಡುವುದು ಗೋಲಿ ಹಾಕಿದಂತೆಯೇ ಎಂದು ಯಾರಾದರೂ ಕೇಳಿಯಾರು. ಅಲ್ಲ. ನುಗ್ಗೆಕಾಯಿ ಅದೇ ಪಾತ್ರೆಯದು, ಬಡಿಸುವಾಗಲೂ ನಾವು ಹಾಗೆಯೇ ಬಡಿಸುತ್ತೇವೆ. ನಾನು ಇಟ್ಟುಕೊಂಡಿರುವ ನಿಯಮ ಇಷ್ಟೇ, ಚೌಕಟ್ಟಿನಲ್ಲಿ ಇರುವುದನ್ನೆಲ್ಲ ಫೋಟೊ ಆದ ಮೇಲೆ ತಿನ್ನಲು ಬರಬೇಕು, ಮತ್ತು ತಿನ್ನುವವರಿಗೆ ಅದೇ ತಟ್ಟೆ ಸಿಗಬೇಕು.

ವೈಶಾಲಿಯಲ್ಲಿ ಬಾಗಲಕೋಟೆ ಕಡೆಯ ಅಕ್ಕ ಒಬ್ಬರಿದ್ದಾರೆ. ಗಂಡನ ಕೆಲಸ ಹೋದ ಮೇಲೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಮಾಡಿ ಮಾರಲು ಶುರು ಮಾಡಿದರು. ಮಗಳ ಫೀಸು, ಮನೆ ಬಾಡಿಗೆ ಎರಡಕ್ಕೂ ಅದೇ ಆಧಾರ. ಒಂದು ಡೆಲಿವರಿ ಆ್ಯಪ್‌ಗೆ ಸೇರಿದಾಗ ಅವರ ಕಡೆಯಿಂದ ಬಂದ ಹುಡುಗ ಎಣ್ಣೆಗಾಯಿಯ ಮೇಲೆ ಬ್ರಷ್‌ನಿಂದ ಎಣ್ಣೆ ಬಳಿದು, ಕೊತ್ತಂಬರಿ ಸುರಿದು, ಕೆಂಪು ಏರಿಸಿ ಫೋಟೊ ಹಾಕಿದ. ಚಿತ್ರ ಥಳಥಳ ಹೊಳೆಯುತ್ತಿತ್ತು. ಆರ್ಡರುಗಳೂ ಬಂದವು. ಡಬ್ಬಿ ತೆರೆದವರು ಮಾತ್ರ ‘ಫೋಟೊದಲ್ಲಿ ಕೆಂಪು ಮಸಾಲೆ ಇತ್ತು, ಇದು ಸುಟ್ಟ ಬದನೆಕಾಯಿ’ ಎಂದು ಎರಡು ಸ್ಟಾರ್ ಕೊಟ್ಟರು. ರುಚಿಯ ಬಗ್ಗೆ ಒಬ್ಬರೂ ತಕರಾರು ಮಾಡಿರಲಿಲ್ಲ. ಅಕ್ಕ ಆ ಮಾತುಗಳನ್ನೆಲ್ಲ ನನಗೆ ತೋರಿಸಿ, “ಎಳ್ಳು, ಗುರೆಳ್ಳು, ಶೇಂಗಾ ಹುರದ ಹಾಕಿದ್ರ ಕರ್ರಗ ಆಗೂದ ನೋಡ್ರಿ. ನನ್ನ ಬದ್ನಿಕಾಯಿ ಕರ್ರಗಿದ್ರ ಅದರ ತಪ್ಪೇನ್ರಿ?” ಎಂದರು.

ಬದನೆಕಾಯಿಯ ತಪ್ಪೇನಿಲ್ಲ. ಒಂದು ಭಾನುವಾರ ಅವರ ಬಾಲ್ಕನಿಯಲ್ಲೇ ಪಂಚೆ ಕಟ್ಟಿ, ಬೆಳಕನ್ನು ಪಕ್ಕದಿಂದ ಬಿಟ್ಟು, ಸೂರ್ಯನನ್ನು ಸ್ವಲ್ಪ ಇಳಿಸಿ ತೆಗೆದೆವು. ಒಂದು ಕಾಯಿಯನ್ನು ಬಿಡಿಸಿ ಒಳಗಿನ ಹೂರಣ ಕಾಣುವಂತೆ ಇಟ್ಟೆವು. ಪಕ್ಕದಲ್ಲಿ ಬಿಳಿ ರೊಟ್ಟಿ ಇದ್ದುದರಿಂದ ಕಪ್ಪು ಇನ್ನಷ್ಟು ಎದ್ದು ಕಂಡಿತು. ಹೆಸರಿನ ಕೆಳಗೆ ‘ಹುರಿದ ಗುರೆಳ್ಳು, ಶೇಂಗಾ ಮಸಾಲೆ, ಬಣ್ಣ ಗಾಢ ಕಂದು’ ಎಂದು ಹಿಂದಿಯಲ್ಲಿ ಬರೆದೆವು. ಆರ್ಡರುಗಳೇನೂ ರಾತ್ರೋರಾತ್ರಿ ಏರಲಿಲ್ಲ. ಮೊದಲ ಎರಡು ವಾರ ಕಡಿಮೆಯೇ ಆದವು. ಆದರೆ ‘ಫೋಟೊದಂತಿಲ್ಲ’ ಎಂಬ ದೂರು ನಿಂತಿತು. ತರಿಸಿಕೊಂಡವರಲ್ಲಿ ಕೆಲವರು ಮತ್ತೆ ಮತ್ತೆ ತರಿಸಿಕೊಳ್ಳುತ್ತಿದ್ದಾರೆ. ಮನೆ ಅಡುಗೆಯವರು ಬದುಕುವುದು ಆ ‘ಮತ್ತೆ’ಯ ಮೇಲೆ.

ಹಾಗಾದರೆ ತಿದ್ದುವುದೇ ತಪ್ಪೇ? ಇಲ್ಲ. ಕ್ಯಾಮೆರಾ ಮಾಡಿದ ಎಡವಟ್ಟನ್ನು ಸರಿಪಡಿಸುವುದು ತಿದ್ದುವಿಕೆ, ಅಡುಗೆಯಲ್ಲಿ ಇಲ್ಲದ್ದನ್ನು ಸೇರಿಸುವುದು ಬೇರೆ. ಒಂದು ಉಪಾಯ ಹೇಳುತ್ತೇನೆ. ಮೊದಲ ಚಿತ್ರದಲ್ಲಿ ತಟ್ಟೆಯ ಪಕ್ಕ ಒಂದು ಬಿಳಿ ಕಾಗದ ಇಡಿ. ಆಮೇಲೆ ಎಡಿಟ್ ಮಾಡುವಾಗ ಆ ಕಾಗದ ಬಿಳಿಯಾಗಿ ಕಾಣುವವರೆಗೆ ಮಾತ್ರ ಬಣ್ಣ ಸರಿಸಿ, ಅದೇ ಲೆಕ್ಕವನ್ನು ಉಳಿದ ಚಿತ್ರಗಳಿಗೂ ಹಾಕಿ. ತಿದ್ದುವ ಕೆಲಸವನ್ನು ತಟ್ಟೆ ಎದುರಿಗಿರುವಾಗಲೇ ಮುಗಿಸಿ. ರಾತ್ರಿ ಹಾಸಿಗೆಯಲ್ಲಿ ಮಲಗಿ, ಹಳದಿಗೆ ತಿರುಗಿದ ಪರದೆಯಲ್ಲಿ ನೆನಪಿನಿಂದ ತಿದ್ದಿದರೆ ನಿಮ್ಮ ಆಸೆಯ ಬಣ್ಣ ಬರುತ್ತದೆ, ಸಾರಿನ ಬಣ್ಣ ಬರುವುದಿಲ್ಲ.

ಕೈಗಳನ್ನೂ ತೆಗೆಯಿರಿ

ಕೊನೆಯದಾಗಿ, ತಟ್ಟೆಯ ಆಚೆಗೂ ಒಮ್ಮೆ ಫೋನು ತಿರುಗಿಸಿ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಬಹಳ ವರ್ಷ ಇದೇ ದೆಹಲಿಯಲ್ಲಿದ್ದುಕೊಂಡು ಸಾಮಾನ್ಯ ಜನರ ದಿನನಿತ್ಯದ ಬದುಕನ್ನು ಕ್ಯಾಮೆರಾದಲ್ಲಿ ಹಿಡಿದರು. 1977ರಲ್ಲಿ ಅವರಿಗೆ ಪದ್ಮಶ್ರೀ ಬಂತು. ದೊಡ್ಡವರ ಸಮಾರಂಭಗಳಿಗಿಂತ ಕೆಲಸದಲ್ಲಿ ಮುಳುಗಿದ ಕೈಗಳೂ ಮುಖಗಳೂ ಅವರ ಚಿತ್ರಗಳಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುತ್ತವೆ. ನಮ್ಮ ಫೋನುಗಳಲ್ಲಿ ಹೋಟೆಲಿನ ತಿಂಡಿಯ ನೂರಾರು ಫೋಟೊಗಳಿವೆ. ಅಮ್ಮ ಮುದ್ದೆ ಕೋಲು ತಿರುಗಿಸುವುದು, ಅತ್ತೆ ಶಾವಿಗೆ ಒತ್ತುವುದು, ಚಿಕ್ಕಮ್ಮ ಕೈಯಲ್ಲೇ ರೊಟ್ಟಿ ಬಡಿಯುವುದು ಎಷ್ಟು ಜನರ ಫೋನಿನಲ್ಲಿದೆ? ಊರಿಂದ ಅವರು ಚಳಿಗಾಲ ಕಳೆದ ಮೇಲೆ ದೆಹಲಿಗೆ ಬರುತ್ತಾರೆ, ಬಿಸಿಲು ಏರುವ ಮುಂಚೆ ಹೊರಟುಬಿಡುತ್ತಾರೆ. ಆ ಕೆಲವು ವಾರಗಳಲ್ಲಿ ತೆಗೆದದ್ದೇ ಉಳಿಯುವುದು.

ತೆಗೆದ ಚಿತ್ರಕ್ಕೆ ಎರಡು ಸಾಲು ಕನ್ನಡದಲ್ಲಿ ಬರೆದಿಡಿ. ಏನು ಅಡುಗೆ, ಯಾರು ಮಾಡಿದ್ದು, ಯಾವ ಊರಿನ ಪದ್ಧತಿ, ಇಲ್ಲಿ ಯಾವುದರ ಬದಲು ಏನು ಹಾಕಿದ್ದು. ಊರಿನ ರಾಗಿ ಹಿಟ್ಟು ಮುಗಿದಾಗ ಇಲ್ಲಿನ ಅಂಗಡಿಯಲ್ಲಿ ‘ಮಂಡುವಾ ಆಟಾ’ ಎಂದು ಕೇಳಿ ತಂದದ್ದು, ದಂಟಿನ ಸೊಪ್ಪು ಸಿಗದೆ ಬಥುವಾ ಸೊಪ್ಪಿನಲ್ಲಿ ಬಸ್ಸಾರು ಮಾಡಿದ್ದು, ಇವೂ ನಮ್ಮ ಅಡುಗೆಯ ಚರಿತ್ರೆಯೇ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ನಾಳೆ ಆ ಅಡುಗೆ ಮಾಡಹೊರಟರೆ ಅವರಿಗೆ ಮೊದಲು ಬೇಕಾಗುವುದು ಸರಿಯಾದ ಬಣ್ಣ. ‘ಮಸಾಲೆ ಎಷ್ಟು ಕಪ್ಪಾಗುವವರೆಗೆ ಹುರಿಯಬೇಕು?’ ಎಂಬ ಪ್ರಶ್ನೆಗೆ ಫಿಲ್ಟರ್ ಹಾಕಿದ ಫೋಟೊದಲ್ಲಿ ಉತ್ತರವಿರುವುದಿಲ್ಲ.

ಈ ತಿಂಗಳ ಮನೆಗೆಲಸ ಹೀಗಿದೆ. ಬರುವ ಭಾನುವಾರ ಟ್ಯೂಬ್‌ಲೈಟ್ ಆರಿಸಿ, ಕಿಟಕಿಯ ಪಕ್ಕದಲ್ಲಿ ಒಂದೇ ಅಡುಗೆಯನ್ನು ಮೂರು ಸಲ ತೆಗೆಯಿರಿ. ಬೆಳಕು ಎದುರಿನಿಂದ ಒಂದು, ಪಕ್ಕದಿಂದ ಒಂದು, ಹಿಂದಿನಿಂದ ಒಂದು. ಬೇರೆ ಏನನ್ನೂ ಬದಲಿಸಬೇಡಿ. ಮೂರನ್ನೂ ಅಡುಗೆ ಮಾಡಿದವರಿಗೇ ತೋರಿಸಿ, “ಯಾವುದು ನಿಮ್ಮ ಅಡುಗೆಯ ಹಾಗಿದೆ?” ಎಂದು ಕೇಳಿ. ಅವರು ಬೆರಳಿಟ್ಟ ಚಿತ್ರವನ್ನು ಇಟ್ಟುಕೊಳ್ಳಿ. ಉಳಿದ ಎರಡನ್ನು ಅಳಿಸುವ ಮುಂಚೆ ಊಟ ಮುಗಿಸಿ, ಆರಿಹೋದೀತು.